ಎಷ್ಟು ಸಲ, ಎಲ್ಲಿಯವರೆಗೆ?

ಗೋವಾದ ಸಾಂಖಳಿಯಿಂದ ಒಬ್ಬ ತಾಯಿ ಕಳೆದ ವರ್ಷ ಜೂನ್ ತಿಂಗಳಲ್ಲಿ ನಮಗೆ ಫೋನ್ ಮಾಡಿದ್ದರು. ಬೈಲಹೊಂಗಲ ಕಡೆಯವರು. ಚೋರ್ಲಾ ಘಾಟ್ ಇಳಿದು ಹೋಗಿ ಅಲ್ಲಿ ನೆಲೆಸಿ ಇಪ್ಪತ್ತೈದು ವರ್ಷವಾಗಿದೆ. "ಮಗಳು ನೀಟ್ ಎರಡು ಸಲ ಬರದಾಳ್ರಿ, ಸೀಟ್ ಸಿಗಲಿಲ್ಲ. ಇನ್ನೊಂದು ಸಲ ಬರೀತೀನಿ ಅಂತಾಳ. ಅವರಪ್ಪ ಸಾಕು ಅಂತಾರ. ಮನ್ಯಾಗ ಊಟದ ಹೊತ್ತಿನ್ಯಾಗೂ ಯಾರೂ ಮಾತಾಡೂದಿಲ್ಲ. ನೀವರ ಏನಾರ ಹೇಳ್ರಿ" ಎಂದರು.

ಓದುಗರೇ, ಈ ಪ್ರಶ್ನೆ ಸಾಂಖಳಿಯ ಒಂದು ಮನೆಯದು ಮಾತ್ರವಲ್ಲವೆಂದು ನಿಮಗೂ ಗೊತ್ತು.

ನಾವು ತಂದೆಯೊಡನೆಯೂ ಮಾತನಾಡಿದೆವು. ಹುಡುಗಿ ಓದುವುದು ಬೇಡ ಎನ್ನುವ ಮನುಷ್ಯ ಅವರಲ್ಲ. ಅವರು ಗಣಿಯ ಅದಿರು ಸಾಗಿಸುವ ಲಾರಿ ಇಟ್ಟುಕೊಂಡಿದ್ದವರು. 2012ರಲ್ಲಿ ಗೋವಾದ ಗಣಿಗಾರಿಕೆ ನಿಂತಿತು, ಮಧ್ಯೆ ಮತ್ತೆ ಶುರುವಾಯಿತು, ಸುಪ್ರೀಂ ಕೋರ್ಟಿನ ತೀರ್ಪಿನಿಂದ 2018ರ ಮಾರ್ಚ್‌ನಲ್ಲಿ ಪುನಃ ನಿಂತಿತು. "ಇವತ್ತು ಚಾಲೂ ಆಗತೈತಿ, ನಾಳೆ ಆಗತೈತಿ ಅಂತ ನಾನೂ ಲಾರಿ ಮುಂದ ವರ್ಷಗಟ್ಟಲೆ ಕುಂತೀನ್ರಿ. ಬ್ಯಾಂಕಿನ ಸಾಲ ಮಾತ್ರ ಕುಂದರಲಿಲ್ಲ" ಎಂದರು. ಕಾಯುವುದೆಂದರೆ ಏನೆಂದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತಿತ್ತು. ಮಗಳಿಗೆ ಮಾತ್ರ ಅದನ್ನು ಅವರು ಎಂದೂ ಹೇಳಿರಲಿಲ್ಲ. ಬರೀ "ಸಾಕು" ಎಂದಿದ್ದರು.

ನಿಯಮದ ಮಾತಿಗೆ ಬಂದರೆ, ನೀಟ್ ಎಷ್ಟು ಸಲ ಬರೆಯಬಹುದೆಂಬುದಕ್ಕೆ ಮಿತಿಯಿಲ್ಲ. ಗರಿಷ್ಠ ವಯಸ್ಸಿನ ಮಿತಿಯನ್ನೂ 2022ರಲ್ಲಿ ತೆಗೆದುಹಾಕಲಾಯಿತು. ಆದರೆ ಈ ವರ್ಷದ ಅಂಕ ಈ ವರ್ಷಕ್ಕೇ ಮುಗಿಯಿತು. ಎಂಜಿನಿಯರಿಂಗ್‌ಗೆ ಇರುವ ಜೆಇಇ ಮೇನ್ ಹಾಗಲ್ಲ. 2019ರಿಂದ ಅದು ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ನಡೆಯುತ್ತ ಬಂದಿದೆ. ಕೋವಿಡ್ ಕಾಲದಲ್ಲಿ, 2021ರಲ್ಲಿ, ನಾಲ್ಕು ಸಲ ನಡೆದದ್ದೂ ಉಂಟು. ಆ ವರ್ಷದ ಪರೀಕ್ಷೆಗಳಲ್ಲಿ ಯಾವುದು ಚೆನ್ನಾಗಿದೆಯೋ ಅದನ್ನೇ ಲೆಕ್ಕಕ್ಕೆ ಹಿಡಿಯುತ್ತಾರೆ. ಆದುದರಿಂದ ಹನ್ನೆರಡನೆಯ ತರಗತಿಯ ಪಾಠ ಇನ್ನೂ ಉಳಿದಿದ್ದರೂ ಜನವರಿಯದನ್ನು ಹೆದರದೆ ಬರೆಯಲಿ ಎಂದೇ ನಾವು ಹೇಳುತ್ತೇವೆ. ಪರೀಕ್ಷೆಯ ಕೋಣೆ, ಗಡಿಯಾರ, ಕಂಪ್ಯೂಟರ್ ಪರದೆ ಇವೆಲ್ಲ ಪರಿಚಯವಾಗುತ್ತವೆ. ಅಂಕ ಕಡಿಮೆ ಬಂದರೆ ನಷ್ಟವಿಲ್ಲ, ಏಪ್ರಿಲ್ ಇದೆ. ಐಐಟಿಗೆ ಬೇಕಾದ ಅಡ್ವಾನ್ಸ್ಡ್ ಪರೀಕ್ಷೆಗೆ ಮಾತ್ರ ಸತತ ಎರಡು ವರ್ಷಗಳಲ್ಲಿ ಎರಡೇ ಅವಕಾಶ.

ಈ ಎರಡನ್ನು ಮೂರು ಮಾಡುತ್ತೇವೆಂದು 2024ರ ನವೆಂಬರ್‌ನಲ್ಲಿ ಪ್ರಕಟಿಸಿ, ಎರಡು ವಾರ ಕಳೆಯುವುದರೊಳಗೆ ಹಿಂತೆಗೆದುಕೊಂಡರು. ಅಷ್ಟರಲ್ಲಿ ಆ ಮಾತನ್ನು ನಂಬಿ ಸೇರಿದ್ದ ಕಾಲೇಜನ್ನೇ ಬಿಟ್ಟ ಮಕ್ಕಳಿದ್ದರು. ಅವರು ಸುಪ್ರೀಂ ಕೋರ್ಟಿನವರೆಗೂ ಹೋಗಬೇಕಾಯಿತು. 2025ರ ಜನವರಿಯಲ್ಲಿ ಅಂಥವರಿಗಷ್ಟೇ ಅವಕಾಶ ಸಿಕ್ಕಿತು. ನಮ್ಮ ಕರ್ನಾಟಕದಲ್ಲೂ ಇಂಥದೊಂದು ಆಗಿಹೋಗಿದೆ. ಸಿಇಟಿಯಲ್ಲಿ ಎಂಜಿನಿಯರಿಂಗ್ ರ್‍ಯಾಂಕಿಗೆ ಪಿಯು ಅಂಕ ಅರ್ಧ, ಸಿಇಟಿ ಅಂಕ ಅರ್ಧ. 2021ರಲ್ಲಿ ಪಿಯು ಪರೀಕ್ಷೆಯೇ ನಡೆಯದೆ ಪಾಸಾದ ಮಕ್ಕಳು 2022ರಲ್ಲಿ ಮತ್ತೆ ಸಿಇಟಿ ಬರೆದಾಗ, ಅವರ ಪಿಯು ಅಂಕವನ್ನು ಪರಿಗಣಿಸಲಿಲ್ಲ. ರ್‍ಯಾಂಕ್ ಎಲ್ಲೋ ಕೆಳಗೆ ಹೋಯಿತು. ಹೈಕೋರ್ಟಿನಲ್ಲಿ ವಾದವಾಗಿ ಪಟ್ಟಿ ಹೊಸದಾಗಿ ಬರುವವರೆಗೆ ಆ ಮಕ್ಕಳೂ ಅವರ ಜೊತೆಯ ಹೊಸಬರೂ ಕಾಲೇಜಿಲ್ಲದೆ ಕುಳಿತಿದ್ದರು. ಒಂದು ವರ್ಷ ಬಿಟ್ಟು ಬರೆಯುವವರ ಕಾಲ ಕೆಳಗಿನ ನೆಲ ಹೀಗೆ ಸರಿಯುವುದುಂಟು. ಕೈಯಲ್ಲಿರುವ ಸೀಟನ್ನು ಬಿಡುವ ಮೊದಲು ಇದನ್ನು ನೆನೆಯಬೇಕು.

ಇನ್ನೊಂದು ಸಂಗತಿ. ಕರ್ನಾಟಕದ ಹೊರಗೆ ಬೆಳೆದ ಕನ್ನಡ ಮನೆಯ ಮಕ್ಕಳಿಗೆ 'ಹೊರನಾಡ ಕನ್ನಡಿಗ' ಎಂಬ ಹೆಸರಿನಲ್ಲಿ ಸಿಇಟಿಯ ಒಂದು ಬಾಗಿಲು ಇದೆ. ಷರತ್ತುಗಳನ್ನು ಆಯಾ ವರ್ಷದ ಕೈಪಿಡಿಯಲ್ಲಿ ಓದಿಕೊಳ್ಳಬೇಕು. ಮುಖ್ಯವಾಗಿ, ಕನ್ನಡ ಭಾಷಾ ಪರೀಕ್ಷೆಯೊಂದನ್ನು ಬರೆಯಬೇಕು. ಆ ತಾಯಿಗೆ ಇದನ್ನು ಹೇಳಿದಾಗ ಅವರು ನಕ್ಕುಬಿಟ್ಟರು. "ಮಾತು ಬರತೈತ್ರಿ ಅಕಿಗೆ, ಅಕ್ಷರ ಬರೂದಿಲ್ಲ." ಮನೆಯಲ್ಲಿ ಈ ಪತ್ರಿಕೆ ಬರುತ್ತದಲ್ಲ, ದಿನಕ್ಕೊಂದು ಪುಟ ಓದಿಸಿ ಎಂದೆವು. (ನಮ್ಮ ಸ್ವಾರ್ಥವೂ ಸ್ವಲ್ಪ ಇದೆ ಅನ್ನಿ.)

ಆಮೇಲೆ ಮಗಳನ್ನೇ ಕೇಳಿದೆವು. ಮೊದಲ ಸಲಕ್ಕೂ ಎರಡನೆಯ ಸಲಕ್ಕೂ ಏನು ವ್ಯತ್ಯಾಸ? 720ಕ್ಕೆ ಮೂವತ್ತು ಅಂಕ ಹೆಚ್ಚಿತ್ತು, ಅಷ್ಟೇ. ಮೂರನೆಯ ಸಲ ಯಾವುದನ್ನು ಬೇರೆಯಾಗಿ ಮಾಡುತ್ತೀ ಎಂದರೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇನ್ನೂ ಜಾಸ್ತಿ ಓದ್ತೀನಿ" ಎಂದಳು. ಇದು ಉತ್ತರವಲ್ಲ. ಭೌತಶಾಸ್ತ್ರದಲ್ಲಿ ಎಡವುತ್ತಿದ್ದೇನೆ, ಅದನ್ನು ಇಂಥವರಲ್ಲಿ ಇಂತಿಷ್ಟು ತಿಂಗಳು ಕಲಿಯುತ್ತೇನೆ ಎಂದಿದ್ದರೆ ಉತ್ತರವಾಗುತ್ತಿತ್ತು. ಕೋಚಿಂಗ್ ತರಗತಿಗಳ ಜಾಹೀರಾತಿನಲ್ಲಿ ಮೂರನೆಯ ಯತ್ನದಲ್ಲಿ ಗೆದ್ದವರ ಫೋಟೋ ಇರುತ್ತದೆ. ಮೂರನೆಯದರಲ್ಲೂ ಸೋತವರ ಫೋಟೋ ಯಾರೂ ಹಾಕುವುದಿಲ್ಲ. ಮಕ್ಕಳು ನೋಡುವುದು ಆ ಫೋಟೋಗಳನ್ನು ಮಾತ್ರ.

ಎಷ್ಟು ಸಲ ಎಂಬುದನ್ನು ಫಲಿತಾಂಶ ಬಂದ ದಿನ ನಿರ್ಧರಿಸಬಾರದು ಎಂದು ನಮ್ಮ ಅಭಿಪ್ರಾಯ. ಆ ದಿನ ಮಗು ಅಳುತ್ತಿರುತ್ತದೆ, ತಂದೆ ಖರ್ಚು ಲೆಕ್ಕ ಹಾಕುತ್ತಿರುತ್ತಾರೆ, ನೆಂಟರ ಫೋನು ಬರುತ್ತಿರುತ್ತದೆ. ಮೊದಲ ಪರೀಕ್ಷೆಗೆ ಅರ್ಜಿ ತುಂಬುವಾಗಲೇ ಎಲ್ಲರೂ ಕುಳಿತು, ಎಷ್ಟು ವರ್ಷ, ಎಷ್ಟು ಹಣ, ಸಿಗದಿದ್ದರೆ ಮುಂದೇನು ಎಂದು ಮಾತನಾಡಿಕೊಂಡರೆ ಯಾರೂ ಯಾರ ಮೇಲೂ ತಪ್ಪು ಹೊರಿಸಬೇಕಾಗಿ ಬರುವುದಿಲ್ಲ. ಆ ಮನೆಯಲ್ಲಿ ಅದು ತಡವಾಗಿತ್ತು. ತಡವಾದರೂ ಒಂದು ಭಾನುವಾರ ಪೂಜೆ ಮುಗಿಸಿ ಬಂದು ಮೂವರೂ ಕುಳಿತರಂತೆ. ಲಾರಿಯ ಕಥೆಯನ್ನು ತಂದೆ ಅಂದು ಮೊದಲ ಬಾರಿಗೆ ಮಗಳ ಮುಂದೆ ಪೂರ್ತಿ ಹೇಳಿದರಂತೆ.

ಮಗಳು ಸಾಂಖಳಿಯ ಸರಕಾರಿ ಕಾಲೇಜಿನಲ್ಲಿ ಬಿಎಸ್‌ಸಿ ಸೇರಿದಳು. ಅದನ್ನು ಓದುತ್ತಲೇ ನೀಟ್ ಮತ್ತೊಮ್ಮೆ ಬರೆಯುತ್ತೇನೆ, ಅದೇ ಕೊನೆ ಎಂದು ಅವಳೇ ಹೇಳಿದ್ದಾಳೆ. ತಂದೆ ಇನ್ನೂ ಪೂರ್ತಿ ಒಪ್ಪಿಲ್ಲ. ಊಟದ ಹೊತ್ತಿನಲ್ಲಿ ಮಾತ್ರ ಈಗ ಮಾತು ನಡೆಯುತ್ತಿದೆ ಎಂದು ತಾಯಿ ತಿಳಿಸಿದರು.