ಇಳಿಜಾರಿನ ಬಂಡಿ

ಎತ್ತಿಲ್ಲದೆ, ಯಂತ್ರವಿಲ್ಲದೆ ಬಂಡಿ ಓಡಬಲ್ಲುದೆ? ಇಳಿಜಾರಿನಲ್ಲಿ ಭೂಮಿಯ ಆಕರ್ಷಣೆಯೇ ಅದನ್ನು ಓಡಿಸುತ್ತದೆ. 1953ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಡಾನ್ ಮರ್ಫಿ ಎಂಬವರು, ದೊಡ್ಡ ಬಂಡಿಗಳ ಪಂದ್ಯಕ್ಕೆ ವಯಸ್ಸು ಸಾಲದಿದ್ದ ತಮ್ಮ ಮಗನನ್ನೂ ಅವನ ಸ್ಕೌಟ್ ಗೆಳೆಯರನ್ನೂ ನೆನೆದು, ಪುಟ್ಟ ಮರದ ಕಾರುಗಳ ಪಂದ್ಯವನ್ನು ಆರಂಭಿಸಿದರು.

ಎಲ್ಲರಿಗೂ ಒಂದೇ ಬಗೆಯ ಮರದ ತುಂಡು, ಒಂದೇ ಇಳಿಜಾರು, ತೂಕಕ್ಕೂ ಮಿತಿಯುಂಟು. ಆದರೂ ಒಂದು ಕಾರು ಮುಂದಾಗುತ್ತದೆ, ಇನ್ನೊಂದು ಹಿಂದುಳಿಯುತ್ತದೆ. ಇದಕ್ಕೆ ಮುಖ್ಯ ಕಾರಣ ಚಕ್ರಕ್ಕೂ ಅಚ್ಚಿಗೂ ನಡುವಿನ ಘರ್ಷಣೆ. ಅಚ್ಚನ್ನು ಉಜ್ಜಿ ನಯಗೊಳಿಸಿದವರ, ಚಕ್ರಗಳನ್ನು ನೇರವಾಗಿ ಜೋಡಿಸಿದವರ ಶ್ರಮ ಅಲ್ಲಿ ಫಲಿಸುತ್ತದೆ. ಬಂಡಿಗೆ ಕೀಲೆಣ್ಣೆ ಹಾಕುತ್ತಿದ್ದ ನಮ್ಮ ರೈತರು ಈ ತತ್ತ್ವವನ್ನು ಬಲ್ಲವರೇ.

ಆದರೆ ಗೆಲುವಿನ ಆಸೆಯಿಂದ ಹಿರಿಯರೇ ಕಾರನ್ನು ಮಾಡಿಕೊಟ್ಟರೆ ಗೆದ್ದವರು ಯಾರು? ಬಹುಮಾನ ಮಗುವಿಗೆ, ಕಲಿಕೆ ಹಿರಿಯರಿಗೆ ಎಂದಂತಾಯಿತು. ಹಿರಿಯರು ಉಳಿ ಹಿಡಿಯುವ ಬಗೆಯನ್ನು ತೋರಿಸಲಿ; ಉಳಿ ಮಾತ್ರ ಮಗುವಿನ ಕೈಯಲ್ಲಿಯೇ ಇರಲಿ.

ಬೀದರ ಜಿಲ್ಲೆಯ ಕೊಡಂಬಲದಂತಹ ಊರಿನ ಶಾಲೆಯಲ್ಲಿಯೂ ಇಂತಹ ಪಂದ್ಯ ನಡೆಯಬಹುದು. ಬಡಗಿಯ ಮನೆಯ ಮರದ ಚೂರುಗಳೂ ಓರೆಯಾಗಿ ನಿಲ್ಲಿಸಿದ ಒಂದು ಉದ್ದನೆಯ ಹಲಗೆಯೂ ಸಾಕು. ಸೋತ ಕಾರನ್ನು ಬಿಚ್ಚಿ, ತಪ್ಪನ್ನು ಕಂಡು, ತಿದ್ದಿ ಮತ್ತೆ ಓಡಿಸಿದ ವಿದ್ಯಾರ್ಥಿ ಘರ್ಷಣೆಯ ಪಾಠವನ್ನು ಎಂದಿಗೂ ಮರೆಯಲಾರ. ಅದೇ ನಿಜವಾದ ಗೆಲುವು.