ಸೈಕಲ್ಲಿನ ಮೇಲಿನ ಗಂಟು ಯಾರ ಲೆಕ್ಕದ್ದು?

ದುಡಿಯಲು ಹೋಗುವವನು ತನ್ನ ಎರಡು ಕೈ ತಂದರೆ ಸಾಕು, ಉಳಿದುದನ್ನು ದುಡಿಸಿಕೊಳ್ಳುವವನು ನೋಡಿಕೊಳ್ಳಬೇಕು. ಇದು ನ್ಯಾಯ. ಆದರೆ ನಮ್ಮ ಭಾಗದಲ್ಲಿ ನಡೆಯುತ್ತಿರುವುದು ಬೇರೆ. ಕೂಲಿಯವನು ಕೈಗಳ ಜೊತೆಗೆ ಕುಡಿಯುವ ನೀರನ್ನೂ, ಮಧ್ಯಾಹ್ನದ ಬುತ್ತಿಯನ್ನೂ, ಬದಲಿ ಅಂಗಿಯನ್ನೂ, ಕೆಲಸದ ಹತ್ಯಾರವನ್ನೂ ಸೈಕಲ್ಲಿಗೆ ಕಟ್ಟಿಕೊಂಡು ಬರಬೇಕು. ಆ ಗಂಟಿನ ಭಾರ ಅವನ ಮೊಣಕಾಲಿನ ಮೇಲೆ. ಅದರಿಂದಾಗುವ ಉಳಿತಾಯ ಧಣಿಯ ತಿಜೋರಿಗೆ. ಇದನ್ನು ಯಾರೂ ಲೆಕ್ಕಕ್ಕೆ ಹಿಡಿದಿಲ್ಲವಾದ್ದರಿಂದ ನಾವು ಈ ವಾರ ಲೆಕ್ಕ ಹಿಡಿಯಬೇಕಾಗಿದೆ.

ಅಫಜಲಪುರ ತಾಲ್ಲೂಕಿನ ಅತನೂರ ಹೋಬಳಿಯನ್ನೇ ತೆಗೆದುಕೊಳ್ಳಿ. ಅಲ್ಲಿಂದ ಕಲಬುರಗಿಗೆ ದಿನವೂ ಸೈಕಲ್ ತುಳಿಯುವುದು ಮನುಷ್ಯನಿಂದಾಗುವ ಮಾತಲ್ಲ. ಹಳ್ಳಿಯಿಂದ ಬಸ್ಸು ನಿಲ್ಲುವ ಕಡೆಗೆ, ಹಳ್ಳಿಯಿಂದ ಹೋಬಳಿಗೆ, ಊರಿನಿಂದ ದೂರದ ಹೊಲಕ್ಕೆ ಸೈಕಲ್ಲು. ಅಲ್ಲಿಂದ ಮುಂದೆ ಪಟ್ಟಣದ ಬೇಳೆ ಗಿರಣಿಗೆ ಹೋಗುವವನು ಸೈಕಲ್ಲನ್ನು ಯಾವುದೋ ಚಹದ ಅಂಗಡಿಯ ಗೋಡೆಗೆ ಒರಗಿಸಿ, ಗಂಟು ಬಿಚ್ಚಿ ಹೆಗಲಿಗೇರಿಸಿ ಬಸ್ಸು ಹತ್ತುತ್ತಾನೆ. ಪಟ್ಟಣದ ಅಂಚಿನ ಓಣಿಗಳಿಂದ ಗಿರಣಿಗೆ ಬರುವವನಾದರೋ ಗೇಟಿನ ತನಕ ತುಳಿಯುತ್ತಾನೆ. ದಾರಿ ಬೇರೆ, ಗಂಟು ಒಂದೇ.

ಆ ಗಂಟಿನಲ್ಲಿ ಏನಿದೆ? ಒಂದೊಂದಾಗಿ ಬಿಚ್ಚೋಣ.

ಮೊದಲು ನೀರು. ಬೇಸಿಗೆಯಲ್ಲಿ ಕಲಬುರಗಿಯ ಬಿಸಿಲು 40 ಡಿಗ್ರಿ ಮೀರುವುದು ಎಲ್ಲರಿಗೂ ಗೊತ್ತು. ಐದು ಲೀಟರಿನ ಡಬ್ಬಿ ಎಂದರೆ ಐದು ಕಿಲೋ ಭಾರ. ಹ್ಯಾಂಡಲಿಗೆ ತೂಗಿಬಿಟ್ಟರೆ ಮುಂದಿನ ಗಾಲಿ ಓಲಾಡುತ್ತದೆ. ಹಿಂದೆ ಕಟ್ಟಿದರೆ ಬುತ್ತಿಗೆ ಜಾಗವಿಲ್ಲ. ಈ ನೀರನ್ನು ಕಾರ್ಮಿಕನು ಹೊತ್ತು ತರಬೇಕೆಂದು ಯಾವ ಕಾನೂನಿನಲ್ಲಿತ್ತು? 1948ರ ಕಾರ್ಖಾನೆ ಕಾಯಿದೆಯೇ ಕಾರ್ಖಾನೆಯಲ್ಲಿ ಕುಡಿಯುವ ನೀರು ಇರಬೇಕೆಂದೂ, 250ಕ್ಕಿಂತ ಹೆಚ್ಚು ಜನ ದುಡಿಯುವ ಕಡೆ ಬೇಸಿಗೆಯಲ್ಲಿ ತಣ್ಣೀರು ಇರಬೇಕೆಂದೂ ಹೇಳಿತ್ತು. ಗಿರಣಿಯ ನಲ್ಲಿಯ ನೀರು ಬಾಯಿಗಿಡುವಂತಿದ್ದರೆ ಯಾವನೂ ಐದು ಕಿಲೋ ಹೊರುತ್ತಿರಲಿಲ್ಲ.

ಎರಡನೆಯದು ಬುತ್ತಿ. ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ. ಇದನ್ನು ಮನೆಯಿಂದ ತರುವುದಕ್ಕೆ ನಮ್ಮ ತಕರಾರಿಲ್ಲ. ಹೆಂಡತಿ ತಟ್ಟಿದ ರೊಟ್ಟಿಯ ಮುಂದೆ ಯಾವ ಕ್ಯಾಂಟೀನೂ ನಿಲ್ಲದು. ಆದರೆ ತಂದ ಬುತ್ತಿಯನ್ನು ಕುಳಿತು ಉಣ್ಣುವ ನೆರಳು ಎಲ್ಲಿ? ಹಳೆಯ ಕಾಯಿದೆಯಲ್ಲಿ 150ಕ್ಕಿಂತ ಹೆಚ್ಚು ಕಾರ್ಮಿಕರಿದ್ದರೆ ವಿಶ್ರಾಂತಿಯ ಕೋಣೆ, ಊಟದ ಕೋಣೆ ಇರಬೇಕಾಗಿತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಸಂಹಿತೆಯಲ್ಲಿ ಆ ಸಂಖ್ಯೆಯನ್ನು 50ಕ್ಕೆ ಇಳಿಸಿದ್ದಾರೆ. ಒಳ್ಳೆಯದೇ. ಆದರೆ ಅದೇ ಸಂಹಿತೆ ಇನ್ನೊಂದು ಕೈಯಿಂದ ಕಾರ್ಖಾನೆ ಎಂಬ ಮಾತಿನ ಅರ್ಥವನ್ನೇ ಬಿಗಿ ಮಾಡಿದೆ. ವಿದ್ಯುತ್ತಿನಿಂದ ನಡೆಯುವ ಕಡೆ 10 ಕಾರ್ಮಿಕರಿದ್ದರೆ ಕಾರ್ಖಾನೆ ಎನ್ನುತ್ತಿದ್ದುದು ಈಗ 20 ಆಗಿದೆ. ಹಾಜರಿ ಪುಸ್ತಕದಲ್ಲಿ ಹತ್ತು ಹೆಸರು, ಗೋಣಿಚೀಲದ ಕೆಳಗೆ ಮೂವತ್ತು ಬೆನ್ನು ಇರುವ ಗಿರಣಿಗೆ ಯಾವ ಸಂಹಿತೆ ಅನ್ವಯಿಸುತ್ತದೆ ಎಂದು ನಾವು ಕೇಳುತ್ತೇವೆ.

ಮೂರನೆಯದು ಬದಲಿ ಅಂಗಿ. ತೊಗರಿಯ ಧೂಳಿನಲ್ಲಿ ಎಂಟು ತಾಸು ನಿಂತವನು ಅದೇ ಬಟ್ಟೆಯಲ್ಲಿ ಬಸ್ಸು ಹತ್ತಿದರೆ ಪಕ್ಕದವನು ಸರಿದು ಕೂಡುತ್ತಾನೆ. ಕಳಚಿದ ಬಟ್ಟೆ ಇಡಲು, ಒದ್ದೆ ಬಟ್ಟೆ ಒಣಗಿಸಲು ಸ್ಥಳ ಬೇಕೆಂಬುದನ್ನು 1948ರ ಕಾಯಿದೆಯೂ ಕಂಡಿತ್ತು, ಹೊಸ ಸಂಹಿತೆಯೂ ಕಂಡಿದೆ. ಕಾಗದ ಕಂಡಿದೆ, ಗಿರಣಿ ಕಂಡಿಲ್ಲ. ಒಂದು ಬೀಗದ ಪೆಟ್ಟಿಗೆಯನ್ನು ಧಣಿ ಕೊಡದ ಕಾರಣಕ್ಕೆ ವರ್ಷವಿಡೀ ಅಂಗಿ, ಪಂಚೆ, ಚಪ್ಪಲಿ, ಹಮಾಲರ ಕೊಕ್ಕೆ ಎಲ್ಲವೂ ಸೈಕಲ್ಲಿನ ಮೇಲೆ ಹೋಗಿ ಬಂದು ಮಾಡುತ್ತವೆ.

ಇನ್ನು ಈ ಗಂಟು ಹೊತ್ತು ಬಂದ ಸೈಕಲ್ಲಿಗೆ ಗಿರಣಿಯಲ್ಲಿ ಜಾಗವುಂಟೆ? ಧಣಿಯ ಕಾರಿಗೆ ತಗಡಿನ ಚಪ್ಪರ, ಗುಮಾಸ್ತನ ಮೋಟಾರು ಸೈಕಲ್ಲಿಗೆ ಬೇವಿನ ನೆರಳು, ಕಾರ್ಮಿಕನ ಸೈಕಲ್ಲಿಗೆ ಗೇಟಿನ ಹೊರಗಿನ ಬಿಸಿಲು. ಬಿಸಿಲಿಗೆ ಟ್ಯೂಬು ಸೀಳಿದರೆ ಪಂಕ್ಚರಿನ ದುಡ್ಡು ಯಾರದು? ಸೈಕಲ್ಲೇ ಕಳುವಾದರೆ ಹೊಣೆ ಯಾರದು? ಕ್ಯಾಂಟೀನಿನಿಂದ ಹಿಡಿದು ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯವರೆಗೆ ಎಣಿಸಿದ ಕಾಯಿದೆಯ ಕಲಮುಗಳಿಗೆ ಸೈಕಲ್ಲಿನ ಚಪ್ಪರ ನೆನಪಾಗಲಿಲ್ಲ.

“ಅಯ್ಯಾ, ಸೈಕಲ್ಲಿನ ಕಾಲ ಮುಗಿಯಿತು, ಈಗ ಎಲ್ಲರಿಗೂ ಮೋಟಾರು ಸೈಕಲ್ಲಿದೆ” ಎಂದು ಕೆಲವು ಮಹನೀಯರು ಹೇಳುತ್ತಾರೆ. ಅವರು ಜನಗಣತಿಯ ಪುಟ ತಿರುವಲಿ. 2011ರ ಗಣತಿಯಲ್ಲಿ ಒಕ್ಕಲುತನ, ಹೊಲದ ಕೂಲಿ, ಮನೆಯ ಕೈಗಾರಿಕೆ ಬಿಟ್ಟು ಬೇರೆ ಕೆಲಸದಲ್ಲಿದ್ದ ಸುಮಾರು 20 ಕೋಟಿ ಜನ ಕೆಲಸಕ್ಕೆ ಹೇಗೆ ಹೋಗುತ್ತಾರೆಂದು ಕೇಳಿದರು. ನಡೆದು ಹೋಗುವವರು 4.5 ಕೋಟಿ. ಸೈಕಲ್ಲಿನವರು ಸುಮಾರು 2.6 ಕೋಟಿ. ಮೋಟಾರು ಸೈಕಲ್ಲು, ಸ್ಕೂಟರಿನವರು ಅದಕ್ಕಿಂತ ಸ್ವಲ್ಪ ಕಡಿಮೆ. ಕಾರಿನವರು ನೂರಕ್ಕೆ ಮೂವರೂ ಇರಲಿಲ್ಲ. ಆ ಮೂವರಿಗಾಗಿ ರಸ್ತೆ ಅಗಲವಾಯಿತು, ಮೇಲ್ಸೇತುವೆ ಬಂತು. ಅಲ್ಲಿಂದೀಚೆಗೆ ಕೆಲವರು ಸಾಲ ಮಾಡಿ ಮೋಟಾರು ಸೈಕಲ್ಲು ಕೊಂಡರು, ನಿಜ. ಆದರೆ 2021ರಲ್ಲಿ ಪೆಟ್ರೋಲು ಲೀಟರಿಗೆ ನೂರು ರೂಪಾಯಿ ದಾಟಿದಾಗ ಎಷ್ಟು ಮನೆಯ ಮೂಲೆಯಿಂದ ಹಳೆಯ ಸೈಕಲ್ಲು ಮತ್ತೆ ಹೊರಬಂತೆಂದು ಪಂಕ್ಚರಿನ ಅಂಗಡಿಯವನನ್ನು ಕೇಳಿ ನೋಡಿ.

ಸರಕಾರದ ಮಾತಿಗೆ ಬರೋಣ. 2019ರ ಆಗಸ್ಟ್ 1ರಿಂದ ವಿದ್ಯುತ್ ಕಾರಿನ ಮೇಲಿನ ಜಿ.ಎಸ್.ಟಿ.ಯನ್ನು 12ರಿಂದ 5ಕ್ಕೆ ಇಳಿಸಿದರು. ಕಾರಣ ಕೇಳಿದರೆ ಹೊಗೆ ಕಡಿಮೆಯಾಗಲಿ ಎಂದರು. ಸೈಕಲ್ಲಿನಿಂದ ಯಾವ ಹೊಗೆ ಬರುತ್ತಿತ್ತು? ಆದರೂ ಸೈಕಲ್ಲಿನ ಮೇಲಿನ ತೆರಿಗೆ ನೂರಕ್ಕೆ 12ರಲ್ಲೇ ನಿಂತಿತು. 2025ರ ಸೆಪ್ಟೆಂಬರ್ 22ರಂದು ಅದು 5ಕ್ಕೆ ಇಳಿಯುವವರೆಗೆ, ಆರು ವರ್ಷಕ್ಕೂ ಮೇಲೆ, ಹತ್ತಾರು ಲಕ್ಷದ ಕಾರು ಕೊಳ್ಳುವವನಿಗಿಂತ ಕೆಲವು ಸಾವಿರದ ಸೈಕಲ್ಲು ಕೊಳ್ಳುವವನು ಹೆಚ್ಚಿನ ದರದಲ್ಲಿ ತೆರಿಗೆ ತೆತ್ತನು. ನಮ್ಮ ರಾಜ್ಯದಲ್ಲಿ 2006-07ರಿಂದ ಎಂಟನೆಯ ಇಯತ್ತೆಯ ಮಕ್ಕಳಿಗೆ ಕೊಡುತ್ತಿದ್ದ ಸೈಕಲ್ಲು ಕೊರೋನಾ ಕಾಲದಲ್ಲಿ ನಿಂತುಹೋಯಿತು. ಶಾಲೆ ಬಿಟ್ಟ ಮೇಲೆ ಅದೇ ಸೈಕಲ್ಲು ಅಪ್ಪನ ಬುತ್ತಿ ಹೊರುತ್ತಿತ್ತೆಂಬುದು ಹಳ್ಳಿಯವರಿಗೆ ಗೊತ್ತು. ಜಗತ್ತು ಸೈಕಲ್ ದಿನವೆಂದು ಆಚರಿಸುವ ಜೂನ್ 3ರಂದೇ, 2020ರಲ್ಲಿ, ಸಾಹಿಬಾಬಾದಿನ ಅಟ್ಲಾಸ್ ಸೈಕಲ್ ಕಾರ್ಖಾನೆ ನೂರಾರು ಕಾರ್ಮಿಕರಿಗೆ ಬಾಗಿಲು ಮುಚ್ಚಿತು. ನಮ್ಮ ಊರಿನಲ್ಲೂ ನಿಜಾಮನ ಕಾಲದಲ್ಲಿ ಹುಟ್ಟಿದ ಎಂ.ಎಸ್.ಕೆ. ಮಿಲ್ ಈಗ ಬರಿಯ ಬಡಾವಣೆಯ ಹೆಸರಾಗಿದೆ. ಬಾಗಿಲು ಮುಚ್ಚುವುದೆಂದರೇನೆಂದು ನಮಗೆ ಯಾರೂ ವಿವರಿಸಬೇಕಾಗಿಲ್ಲ.

ರಸ್ತೆಯ ಅಂಚಿನ ಮಾತು ಇನ್ನೂ ಕಠಿಣ. ಡಾಂಬರಿನ ಅಂಚು ಗೇಣುದ್ದ ಮೇಲೆ, ಎರೆಮಣ್ಣಿನ ಬದಿ ಕೆಳಗೆ. ಹಿಂದಿನಿಂದ ಕಬ್ಬಿನ ಟ್ರ್ಯಾಕ್ಟರು ಹಾರ್ನು ಬಾರಿಸಿದರೆ ಬರಿಯ ಸೈಕಲ್ಲಿನವನು ಹೇಗೋ ಇಳಿದಾನು. ಹಿಂದೆ ಇಪ್ಪತ್ತು ಕಿಲೋ ಗಂಟು ಕಟ್ಟಿದವನು ಇಳಿಯಲಾರ. ಮಳೆ ಬಂದರಂತೂ ಎರೆಮಣ್ಣು ಮಡ್‌ಗಾರ್ಡಿನಲ್ಲಿ ತುಂಬಿ ಗಾಲಿ ತಿರುಗುವುದಿಲ್ಲ. ಗಂಟು ಹೊರಬೇಕಾದ ಸೈಕಲ್ಲನ್ನು ಮನುಷ್ಯನೇ ಗಂಟಿನ ಸಮೇತ ಹೊರಬೇಕು. 2022ರಲ್ಲಿ ಈ ದೇಶದ ರಸ್ತೆಗಳಲ್ಲಿ ಸತ್ತ ಸೈಕಲ್ ಸವಾರರು 4,800ಕ್ಕೂ ಹೆಚ್ಚು. 2023ರ ಆಗಸ್ಟ್ 1ರಿಂದ ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯ ರಸ್ತೆಯಲ್ಲಿ ಬೈಕು, ಆಟೋ, ಟ್ರ್ಯಾಕ್ಟರಿನ ಜೊತೆಗೆ ಸೈಕಲ್ಲನ್ನೂ ನಿಷೇಧಿಸಿದರು. ವೇಗದ ರಸ್ತೆಯಲ್ಲಿ ಅಪಾಯವೆಂದರೆ ಒಪ್ಪೋಣ. ಹಾಗಾದರೆ ಅಪಾಯವಿಲ್ಲದ ದಾರಿಯನ್ನು ಕಟ್ಟಿಕೊಡುವುದು ಯಾರ ಕೆಲಸ?

ದಾರಿಯಲ್ಲಿ ಬಿದ್ದವನಿಗೆ ಇನ್ನೊಂದು ಪೆಟ್ಟು ಕಾದಿರುತ್ತದೆ. “ಅವನು ಅಷ್ಟೊಂದು ಚೀಲ ಕಟ್ಟಿದ್ದ, ತಪ್ಪು ಅವನದೇ, ಗಿರಣಿಯ ಒಳಗೆ ಆದದ್ದಲ್ಲ, ನಮಗೆ ಸಂಬಂಧವಿಲ್ಲ” ಎನ್ನುತ್ತಾರೆ. ಗೆಳೆಯರೇ, ಈ ಮಾತಿಗೆ ಹೆದರಬೇಡಿ. 2003ರ ಏಪ್ರಿಲ್ 22ರಂದು ಮಹಾರಾಷ್ಟ್ರದ ಒಂದು ಸಕ್ಕರೆ ಕಾರ್ಖಾನೆಯ ಕಾವಲುಗಾರ, ಬೆಳಗಿನ ಜಾವ 3 ಗಂಟೆಯ ಪಾಳಿಗೆ ಮೋಟಾರು ಸೈಕಲ್ಲಿನಲ್ಲಿ ಹೊರಟವನು, ಕಾರ್ಖಾನೆ ಇನ್ನು ಸುಮಾರು 5 ಕಿಲೋಮೀಟರು ಇರುವಾಗ ಅಪಘಾತದಲ್ಲಿ ಸತ್ತನು. ಕೆಳಗಿನ ನ್ಯಾಯಾಲಯ ಕೊಟ್ಟ ಪರಿಹಾರವನ್ನು ಹೈಕೋರ್ಟು ತಳ್ಳಿಹಾಕಿತು. 2025ರ ಜುಲೈ 29ರಂದು ಸರ್ವೋಚ್ಚ ನ್ಯಾಯಾಲಯ ಅದನ್ನು ಮತ್ತೆ ಎತ್ತಿಹಿಡಿಯಿತು. ಮನೆಯಿಂದ ಕೆಲಸಕ್ಕೆ, ಕೆಲಸದಿಂದ ಮನೆಗೆ ಹೋಗುವ ದಾರಿಯ ಅಪಘಾತ, ಸಮಯ, ಸ್ಥಳ, ಸಂದರ್ಭಗಳಿಂದ ಕೆಲಸಕ್ಕೆ ಸಂಬಂಧಿಸಿದ್ದಾದರೆ, ಅದು ಕೆಲಸದ ಅಪಘಾತವೇ ಎಂದಿತು. ಇ.ಎಸ್.ಐ. ಕಾಯಿದೆಯಲ್ಲಿ ಈ ಮಾತು 2010ರಲ್ಲೇ ಸೇರಿತ್ತು. ಆ ವಿಧವೆ ಮತ್ತು ಮಕ್ಕಳು 22 ವರ್ಷ ಕಾಯಬೇಕಾಯಿತು. ಆದ್ದರಿಂದ ಪಾಳಿಯ ಸಮಯದ ಚೀಟಿ, ಹಾಜರಿಯ ಗುರುತು, ಏನೇ ಇರಲಿ, ಮನೆಯಲ್ಲಿ ಜೋಪಾನವಾಗಿಡಿ. ಅಡತಿಯವನು ಕೊಡದಿದ್ದರೆ ಕೇಳಿ ಪಡೆಯಿರಿ.

ಸಣ್ಣ ವ್ಯಾಪಾರದ ಬಂಧುಗಳಿಗೆ ಸೈಕಲ್ಲೇ ಅಂಗಡಿ. ಹಿಂದೆ ಕಾಯಿಪಲ್ಯದ ಬುಟ್ಟಿ, ಎರಡೂ ಪಕ್ಕಕ್ಕೆ ಸ್ಟೀಲಿನ ಪಾತ್ರೆ, ಬಟ್ಟೆಯ ಗಂಟು. ಬಿಗಿಯಲು ಹಳೆಯ ಟ್ಯೂಬಿನ ಪಟ್ಟಿ. ಅವರ ಗಂಟು ಧಣಿಯ ಉಳಿತಾಯವಲ್ಲ, ಅವರ ಬಂಡವಾಳ. ಅದನ್ನು ಸೈಕಲ್ ಸಮೇತ ಎತ್ತಿಕೊಂಡು ಹೋಗುವ ಅಧಿಕಾರವನ್ನು ಪಟ್ಟಣದ ಜವಾನನಿಗೆ ಯಾರು ಕೊಟ್ಟರು? 2014ರ ಬೀದಿ ವ್ಯಾಪಾರಿಗಳ ಕಾಯಿದೆ ತಿರುಗಾಡಿ ಮಾರುವವರನ್ನೂ ವ್ಯಾಪಾರಿಗಳೆಂದೇ ಎಣಿಸುತ್ತದೆ. ಮಾಲು ಜಪ್ತಿ ಮಾಡಿದರೆ ಅದರ ಪಟ್ಟಿ ಬರೆದು ಕೊಡಬೇಕು. ಕೇಳಿಕೊಂಡ ಮೇಲೆ ಕೆಡದ ಮಾಲನ್ನು ಎರಡು ಕೆಲಸದ ದಿನಗಳೊಳಗೆ, ಕೆಡುವ ಮಾಲನ್ನು ಅದೇ ದಿನ ಬಿಡಬೇಕು. ಇದು ಕಾಯಿದೆಯ 19ನೆಯ ಕಲಮು. ಕೊತ್ತಂಬರಿ ಕಟ್ಟು ಮೂರು ದಿನ ಕಚೇರಿಯ ಮೂಲೆಯಲ್ಲಿ ಕೊಳೆತರೆ ಕಾಯಿದೆ ಮುರಿದವರು ಕಚೇರಿಯವರು. ಪಟ್ಟಿಯಿಲ್ಲದೆ ಬುಟ್ಟಿ ಬಿಟ್ಟುಕೊಡಬೇಡಿ.

ಹೊರದೇಶದ ಮಾತು ಕೇಳಿದರೆ ನಗಬೇಡಿ. ಬೆಲ್ಜಿಯಂ ದೇಶದಲ್ಲಿ 2023ರ ಮೇ 1ರಿಂದ, ಬೇರೆ ಒಪ್ಪಂದವಿಲ್ಲದ ಕಡೆಗಳಲ್ಲಿ ಖಾಸಗಿ ಧಣಿಗಳೂ ಸೈಕಲ್ಲಿನಲ್ಲಿ ಕೆಲಸಕ್ಕೆ ಬರುವವರಿಗೆ ಕಿಲೋಮೀಟರಿಗೆ ಇಷ್ಟೆಂದು ಭತ್ಯೆ ಕೊಡಬೇಕಾಯಿತು. ಆಗ ಗೊತ್ತುಪಡಿಸಿದ ದರ 27 ಸೆಂಟು. ತುಳಿದವನಿಗೆ ಅಲ್ಲಿ ಹಣ, ಇಲ್ಲಿ ಬೈಗುಳ. ಇನ್ನು ಸೈಕಲ್ಲಿನ ಮೇಲೆ ಹೇರುವುದೆಂದರೆ ಕೀಳು ಎನ್ನುವವರು 1954ರ ವಿಯೆಟ್ನಾಮನ್ನು ನೆನೆಯಲಿ. ದಿಯೆನ್ ಬಿಯೆನ್ ಫೂ ಕದನಕ್ಕೆ ಅಲ್ಲಿನ ರೈತರು ಒಂದೊಂದು ಸೈಕಲ್ಲಿಗೆ 200 ಕಿಲೋ ಮೀರಿದ ಹೊರೆ ಕಟ್ಟಿ, ಹ್ಯಾಂಡಲಿಗೆ ಬಿದಿರ ಕೋಲು ಬಿಗಿದು, ಬೆಟ್ಟದ ದಾರಿಯಲ್ಲಿ ತಳ್ಳಿಕೊಂಡು ಹೋದರು. ಮೇ 7ರಂದು ಫ್ರೆಂಚರ ಕೋಟೆ ಬಿತ್ತು.

ನಮ್ಮದು ಅಷ್ಟು ದೊಡ್ಡ ಕದನವಲ್ಲ. ನಾವು ಕೇಳುವುದು ನಾಲ್ಕೇ ಮಾತು. ಒಂದು, ಗಿರಣಿಯ ಗೇಟಿನ ಒಳಗೆ ಸೈಕಲ್ಲಿಗೆ ಚಪ್ಪರ, ಕಾವಲು, ಬಾಡಿಗೆಯಿಲ್ಲದೆ. ಎರಡು, ಕುಡಿಯುವ ನೀರು, ಉಣ್ಣುವ ನೆರಳು, ಬಟ್ಟೆ ಹತ್ಯಾರಕ್ಕೆ ಬೀಗದ ಪೆಟ್ಟಿಗೆ. ಹಾಜರಿ ಪುಸ್ತಕದಲ್ಲಿ ಎಷ್ಟೇ ಹೆಸರಿರಲಿ. ಮೂರು, ಅತನೂರದಂಥ ಹೋಬಳಿಯ ಬಸ್ಸು ನಿಲ್ಲುವ ಕಡೆ ಸೈಕಲ್ ನಿಲ್ದಾಣ. ಕಲಬುರಗಿಯಲ್ಲೇ ಕೇಂದ್ರ ಕಚೇರಿಯಿರುವ ಕಲ್ಯಾಣ ಕರ್ನಾಟಕ ಸಾರಿಗೆ ನಿಗಮ ಮತ್ತು ಗ್ರಾಮ ಪಂಚಾಯಿತಿ ಕೂಡಿ ಮಾಡಲಿ. ನಾಲ್ಕು, ರಸ್ತೆ ಅಗಲ ಮಾಡುವಾಗ ಅಂಚನ್ನು ಡಾಂಬರಿಗೆ ಸಮ ಮಾಡಿ ಸೈಕಲ್ಲಿಗೆ ಬಿಡುವುದು.

ಈ ನಾಲ್ಕನ್ನೂ ಒಂದು ಹಾಳೆಯಲ್ಲಿ ಬರೆದು, ಪಾಳಿ ಬಿಟ್ಟಾಗ ಗೇಟಿನಲ್ಲೇ ರುಜು ಹಾಕಿಸಿ, ಒಂದು ಪ್ರತಿ ಧಣಿಗೆ, ಒಂದು ಕಾರ್ಮಿಕ ಅಧಿಕಾರಿಗೆ, ಒಂದು ಪಂಚಾಯಿತಿಗೆ ಕೊಡಿ; ಸ್ವೀಕೃತಿ ತೆಗೆದುಕೊಳ್ಳುವುದನ್ನು ಮರೆಯಬೇಡಿ. ಒಬ್ಬನೇ ಹೋದರೆ ಗೇಟಿನವನು ಗದರಿಸುತ್ತಾನೆ. ನೂರು ಸೈಕಲ್ಲು ಒಟ್ಟಿಗೆ ನಿಂತರೆ ಧಣಿಯ ಕಾರು ಹೊರಬರಲು ದಾರಿ ಕೇಳಬೇಕಾಗುತ್ತದೆ.