ಬೆಳಗಾವಿ ಲಾಡ್ಜು ತುಂಬಿದರೆ ಖಾನಾಪುರದ ಹೊಟ್ಟೆ ತುಂಬೀತೆ?



2012ರಲ್ಲಿ ಬೆಳಗಾವಿಯಲ್ಲಿ ಸುವರ್ಣ ವಿಧಾನಸೌಧ ಉದ್ಘಾಟನೆಯಾಯಿತು. ಚಳಿಗಾಲದ ಅಧಿವೇಶನ ಬಂತೆಂದರೆ ಊರಿನ ಲಾಡ್ಜುಗಳಲ್ಲಿ ಜಾಗವಿಲ್ಲ, ಬಾಡಿಗೆ ಗಗನಕ್ಕೆ! ಇದನ್ನೇ ಪ್ರಗತಿ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನಾಲ್ಕು ದಿನ ದರ ಏರುವುದು ಬರೀ ಬೇಡಿಕೆ. ಅದೇ ಕೋಣೆ, ಅದೇ ಕೆಲಸಗಾರ ವರ್ಷವಿಡೀ ದುಡಿದರೆ ಮಾತ್ರ ಉತ್ಪಾದಕತೆ ಹೆಚ್ಚಿತು ಎನ್ನಬಹುದು.

ಹಾಗೆ ದುಡಿಸುವ ಬಂಡವಾಳ ಪಕ್ಕದ ಖಾನಾಪುರ ತಾಲೂಕಿನಲ್ಲೇ ಬಿದ್ದಿದೆ. ಕದಂಬರ ಎರಡನೇ ರಾಜಧಾನಿ ಹಲಸಿ, ಅಲ್ಲಿನ ಭೂವರಾಹ ನರಸಿಂಹ ಗುಡಿ. 1831ರಲ್ಲಿ ಬ್ರಿಟಿಷರು ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ ನಂದಗಡ. ಮಲಪ್ರಭೆ ಹುಟ್ಟುವ ಕಣಕುಂಬಿ. ಚೋರ್ಲಾ ಘಾಟು ಹಿಡಿದು ಗೋವಾಕ್ಕೆ ಓಡುವ ಕಾರುಗಳು ಕಣಕುಂಬಿ ದಾಟಿಯೇ ಹೋಗುತ್ತವೆ. ಹೊಗೆ ನಮಗೆ, ಹಣ ಗೋವಾಕ್ಕೆ!

ಪ್ರವಾಸಿ ಒಂದು ತಾಸು ಸುತ್ತಿ ಹೋದರೆ ಊರಿಗೆ ಚಹಾದ ದುಡ್ಡು. ಒಂದು ರಾತ್ರಿ ಉಳಿದರೆ ಖಾನಾವಳಿ ಅಕ್ಕನಿಗೆ, ಟೆಂಪೋದವನಿಗೆ, ಖಾನಾಪುರದ ಕುಂಬಾರನಿಗೆ (ಅಲ್ಲಿನ ಮಡಕೆಯ ಹೆಸರು ನೀವು ಕೇಳಿಯೇ ಇದ್ದೀರಿ) ಕೈತುಂಬ ಕೆಲಸ.

ಬೆಳಗಾವಿಯಿಂದ ಹಲಸಿ, ನಂದಗಡ, ಕಣಕುಂಬಿ ಸುತ್ತಿಸುವ ಸರ್ಕಾರಿ ಬಸ್ಸು ದಿನವೂ ಓಡಲಿ. ಅದರಲ್ಲಿ ಕನ್ನಡದಲ್ಲಿ ಚರಿತ್ರೆ ಹೇಳುವ ಕೆಲಸ ತಾಲೂಕಿನ ಹುಡುಗ ಹುಡುಗಿಯರಿಗೇ ಸಿಗಲಿ. ಮುಂದಿನ ಅಧಿವೇಶನಕ್ಕೆ ಹೊರಟ ನಿಮ್ಮ ಶಾಸಕರನ್ನು ತಡೆದು ಕೇಳಿ: ಸ್ವಾಮೀ, ಹಲಸಿ ನೋಡಿದ್ದೀರಾ?